ಟೈಲರಮ್ಮನ ಎದುರುಮನೆ

ನಮ್ಮ ಚಿಕ್ಕಮ್ಮ ಹಟ ಹಿಡಿದಳೆಂದರೆ ದೇವರೇ ಇಳಿದು ಬಂದರೂ ಬಿಡಿಸಲಾರ. ನನಗೋ ಸಿಟ್ಟು ಮೂಗಿನ ತುದಿಯಲ್ಲೇ. ಹೀಗಾಗಿ ನಮ್ಮಿಬ್ಬರ ನಡುವೆ ಮಾತುಕತೆ ನಡೆಯಿತು ಎಂದರೆ ಜಗಳ ನಡೆಯಿತು ಎಂದೇ ತಿಳಿಯಬೇಕು. ಆದರೆ ಅಷ್ಟೆಲ್ಲ ಒದ್ದಾಡಿ ತಾನೇ ಕೂಡಿಸಿದ್ದನ್ನು ತಾನೇ ಬಿಟ್ಟು, ಎದುರು ಬ್ಲಾಕಿಗೆ ಹೋಗುತ್ತೇನೆ ಎಂದು ಅವಳು ಹೇಳಿದ ದಿನ ಆದ ಜಗಳ ಇದೆಯಲ್ಲ, ಅದರ ಮುಂದೆ ಹಿಂದಿನದೆಲ್ಲ ಮಕ್ಕಳಾಟ. ಆ ಜಗಳದಲ್ಲಿ ನಾನು ಸೋತೆ. ಯಾಕೆ ಸೋತೆ ಎಂದು ಹೇಳಬೇಕಾದರೆ ನಮ್ಮ ಬೀದಿಯಿಂದಲೇ ಶುರು ಮಾಡಬೇಕು.

ಬೀದಿ ಎಂದ ತಕ್ಷಣ ದೊಡ್ಡದಾಗಿ ಊಹಿಸಿಕೊಳ್ಳಬೇಡಿ. ಒಂದು ಕೈಗಾಡಿ ಒಳಗೆ ಬಂದರೆ ಇನ್ನೊಂದು ಹಿಂದೆ ಸರಿದು ದಾರಿ ಬಿಡಬೇಕು. ಎರಡು ಕಡೆಯೂ ಸಾಲುಮನೆಗಳು, ಒಂದರ ಗೋಡೆಗೆ ಇನ್ನೊಂದು ಒರಗಿಕೊಂಡು ನಿಂತಂಥವು. ಪ್ರತಿ ಮನೆಗೂ ಬೀದಿಯ ಕಡೆ ಒಂದು ಮುಂಗೋಣೆ, ಆ ಮುಂಗೋಣೆಯಲ್ಲೇ ಅವರವರ ಕಸುಬು. ಹಿಂದುಗಡೆ ಕಿಟಕಿ ಇರಲಿಲ್ಲ, ಬೆಳಕು ಬರುವುದಿದ್ದರೆ ಬೀದಿಯಿಂದಲೇ ಬರಬೇಕು. ಅದಕ್ಕೆ ಬಾಗಿಲು ಹಾಕಿಕೊಂಡು ಕೂರುವ ಅಭ್ಯಾಸ ಯಾರಿಗೂ ಇರಲಿಲ್ಲ. ಯಾರ ಮನೆಯಲ್ಲಿ ಹಾಲು ಉಕ್ಕಿತು, ಯಾರ ಮಗಳಿಗೆ ಶೀತ ಆಗಿದೆ, ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಇದೆಲ್ಲ ಕೂತಲ್ಲೇ ಗೊತ್ತಾಗುತ್ತಿತ್ತು. ಗೊತ್ತಾಗದಿದ್ದರೆ ರೇಡಿಯೋ ಅಜ್ಜಿ ಇದ್ದಳು. ಅವಳ ಮನೆಯಲ್ಲಿ ರೇಡಿಯೋ ಇರಲಿಲ್ಲ. ಅದರ ಅಗತ್ಯವೂ ಇರಲಿಲ್ಲ.

ಚಿಕ್ಕಮ್ಮ ನನ್ನ ಅಮ್ಮನ ತಂಗಿ. ಮದುವೆಯಾಗಿ ಹೋದ ಸ್ವಲ್ಪ ದಿನಕ್ಕೇ ಗಂಡನನ್ನು ಕಳೆದುಕೊಂಡು ತವರುಮನೆಗೆ ವಾಪಸ್ಸು ಬಂದಳು. ಬರುವಾಗ ಅವಳ ಜೊತೆ ಬಂದದ್ದು ಒಂದು ಹೊಲಿಗೆ ಮಿಷನ್ನು. ಅದನ್ನು ಮುಂಗೋಣೆಯಲ್ಲಿ ಬಾಗಿಲಿಗೆ ಮುಖ ಮಾಡಿ ಇಟ್ಟು ಕೂತವಳು, ಆಮೇಲೆ ಎದ್ದರೆ ಊಟಕ್ಕೆ, ನಿದ್ದೆಗೆ, ಮತ್ತೆ ನನಗೆ ಬೈಯುವುದಕ್ಕೆ. ಅಮ್ಮ ಹೋದ ಮೇಲೆ ನಾನು ಬಿದ್ದದ್ದು ಅವಳ ಮಡಿಲಿಗೆ. ಆ ಮಡಿಲಲ್ಲಿ ಯಾವಾಗಲೂ ಒಂದಿಷ್ಟು ದಾರದ ಎಳೆ, ಒಂದೆರಡು ಗುಂಡುಸೂಜಿ ಇರುತ್ತಿದ್ದವು, ನೋಡಿಕೊಂಡು ತಲೆ ಇಡಬೇಕಾಗಿತ್ತು. ಬೀದಿಗೆಲ್ಲ ಅವಳು ಟೈಲರಮ್ಮ. ನಮ್ಮ ಬೀದಿಯ ಮಕ್ಕಳ ಶಾಲೆ ಅಂಗಿ, ಫ್ರಾಕು, ಮನೆಮನೆಯ ಕಿಟಕಿ ಪರದೆ, ದಿಂಬಿನ ಕವರು, ಎಲ್ಲ ಅವಳ ಕೈಯಿಂದಲೇ ಹೊರಬಿದ್ದದ್ದು.

ಎದುರುಮನೆ ಬೈಂಡರದು. ಶಾಲೆ, ಕಚೇರಿ, ಲೈಬ್ರರಿಗಳ ಹರಿದ ಪುಸ್ತಕಗಳಿಗೆ ಹೊಸ ರಟ್ಟು ಹಾಕುವ ಕೆಲಸ. ಸಣಕಲು ಮನುಷ್ಯ, ಬೆರಳ ತುದಿಯಲ್ಲಿ ಸದಾ ಒಣಗಿದ ಗೋಂದು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳುವುದರಲ್ಲೇ ಮದುವೆಯ ವಯಸ್ಸು ದಾಟಿತು. ಆಮೇಲೆ ತಾಯಿಯೂ ಹೋದರು. ಮಾತು ಬಹಳ ಕಡಿಮೆ. ಒಂದು ಮಾತಿಗೆ ಎರಡನೆಯ ಮಾತು ಕೂಡಿಸಿದರೆ ಯಾರೋ ದಂಡ ಹಾಕುತ್ತಾರೆ ಅನ್ನುವ ಹಾಗೆ. ಏನು ಕೇಳಿದರೂ "ಆಗಬಹುದು" ಅನ್ನುವುದೊಂದೇ. ನಾನು ಚಿಕ್ಕವಳಿದ್ದಾಗ ಅವರು ಮೂಗರು ಎಂದೇ ತಿಳಿದಿದ್ದೆ.

ಅವರಿಬ್ಬರಿಗೂ ಒಂದು ಕೆಲಸದ ನಂಟು ಇತ್ತು. ಫ್ರಾಕಿನ ಅಂಚು ಸಮವಾಗಿದೆಯೇ ಅನ್ನುವುದು ಹತ್ತಿರದಿಂದ ತಿಳಿಯುವುದಿಲ್ಲ. ಟೇಪು ಹಿಡಿದರೆ ಸರಿಯಾಗಿಯೇ ಇರುತ್ತದೆ, ತೂಗುಹಾಕಿದರೆ ಒಂದು ಕಡೆ ಇಳಿಬಿದ್ದಿರುತ್ತದೆ. ಬಟ್ಟೆಯ ಬುದ್ಧಿಯೇ ಅದು. ಅದಕ್ಕೆ ಚಿಕ್ಕಮ್ಮ ಹೊಲಿದು ಮುಗಿಸಿದ್ದನ್ನು ಬಾಗಿಲ ಮೇಲಿನ ಮೊಳೆಗೆ ನೇತುಹಾಕಿ, "ಬೈಂಡರೇ!" ಎಂದು ಕೂಗುತ್ತಿದ್ದಳು. ಬೀದಿಯ ಆಚೆಯಿಂದ ಅವರು ತಲೆ ಎತ್ತಿ, ಕಣ್ಣು ಕಿರಿದು ಮಾಡಿ ನೋಡಿ, ಅಂಗೈಯನ್ನು ಎಡಕ್ಕೋ ಬಲಕ್ಕೋ ಒಂದಿಷ್ಟು ಇಳಿಸಿ ತೋರಿಸುವರು. ಆ ಕಡೆ ಇಳಿದಿದೆ ಎಂದು ಅರ್ಥ. ಚಿಕ್ಕಮ್ಮ ಬಿಚ್ಚಿ ಮತ್ತೆ ಹೊಲಿಯುವಳು. ಅವರೂ ಅಷ್ಟೇ. ಪುಸ್ತಕದ ಬೆನ್ನಿಗೆ ಹೆಸರಿನ ಚೀಟಿ ಅಂಟಿಸಿ, ಗೋಂದು ಒಣಗುವ ಮೊದಲೇ ಎದ್ದುನಿಂತು ಎತ್ತಿ ಹಿಡಿಯುವರು. ನಮ್ಮವಳ ಉತ್ತರ ಮಾತ್ರ ಕೈಸನ್ನೆಯಲ್ಲಿ ಇರುತ್ತಿರಲಿಲ್ಲ. "ಕುಡಿದು ಬಂದೋನ ಹಾಗೆ ವಾಲಿದೆ, ತೆಗೀರಿ!" ಎಂದು ಬೀದಿಗೆಲ್ಲ ಕೇಳುವ ಹಾಗೆ ಕಿರುಚುವಳು. ಅವರು ಒಂದು ನಗು ನಕ್ಕು ಚೀಟಿ ಸರಿಮಾಡುವರು. ನಾನು ಬುದ್ಧಿ ಬಂದಾಗಿನಿಂದ ನೋಡಿದ್ದು ಇದನ್ನೇ. ಅವಳು ಅವರ ಮನೆಗೆ ಹೋದದ್ದಿಲ್ಲ, ಅವರು ನಮ್ಮ ಹೊಸಿಲು ದಾಟಿದ್ದಿಲ್ಲ. ತಲೆ ಎತ್ತಿದರೆ ಅವರು, ತಲೆ ಎತ್ತಿದರೆ ಇವಳು.

ಹೊಸದಾಗಿ ಬಂದ ಯಾರೋ ಒಮ್ಮೆ ರೇಡಿಯೋ ಅಜ್ಜಿಯ ಕಿವಿ ಕಚ್ಚಿದರಂತೆ, ಟೈಲರಮ್ಮನಿಗೂ ಬೈಂಡರಿಗೂ ನಡುವೆ ಏನಾದರೂ ಇದೆಯಾ ಎಂದು. ಅಜ್ಜಿ, "ಇಲ್ದೇ ಏನು? ರಸ್ತೆ ಇದೆ," ಅಂದಳಂತೆ. ಬೀದಿಯೆಲ್ಲ ನಕ್ಕಿತು. ಚಿಕ್ಕಮ್ಮನೂ ನಕ್ಕಳು, ಆದರೆ ಆ ದಿನ ಮಿಷನ್ನನ್ನು ಸ್ವಲ್ಪ ಜೋರಾಗಿಯೇ ತುಳಿದಳು.

ಆಮೇಲೆ ಊರು ಬೆಳೆಯಿತು. ಬೆಳೆಯಲಿ, ನನ್ನ ತಕರಾರೇನಿಲ್ಲ. ಆದರೆ ಅದು ನಮ್ಮ ಮೇಲೆಯೇ ಕಾಲಿಟ್ಟು ಬೆಳೆಯಬೇಕಿತ್ತೇ? ದೊಡ್ಡ ರಸ್ತೆಯೊಂದು ನೆಟ್ಟಗೆ ನಮ್ಮ ಬೀದಿಯ ಮೇಲೆಯೇ ಹಾದುಹೋಗುತ್ತದೆ ಎಂದಾಯಿತು. ಕಚೇರಿಯವರು ಬಂದು ಗೋಡೆಗಳಿಗೆ ಕೆಂಪು ಗುರುತು ಬಳಿದು ಹೋದರು. ಊರಾಚೆ ಕಟ್ಟಿದ ಹೊಸ ಬ್ಲಾಕುಗಳಲ್ಲಿ ಮನೆ ಕೊಡುತ್ತೇವೆ ಎಂದರು. ಕೊಟ್ಟರು, ಸುಳ್ಳು ಹೇಳಬಾರದು. ನಲ್ಲಿ, ಲಿಫ್ಟು, ಹಿಂದುಗಡೆ ದೊಡ್ಡ ಕಿಟಕಿ ಎಲ್ಲ ಇದ್ದ ಮನೆಗಳು. ಆದರೆ ಯಾರಿಗೆ ಯಾವ ಮನೆ ಅನ್ನುವುದನ್ನು ಚೀಟಿ ಎತ್ತಿ ತೀರ್ಮಾನಿಸಿದರು. ಇಡೀ ಊರಿನಲ್ಲಿ ಮನೆ ಕಳೆದುಕೊಂಡ ಜನರನ್ನೆಲ್ಲ ಒಂದೇ ಡಬ್ಬಿಗೆ ಹಾಕಿ ಕುಲುಕಿದ ಹಾಗಾಯಿತು. ನಮಗೆ ಒಂದು ಬ್ಲಾಕು, ಬೈಂಡರಿಗೆ ಕಣ್ಣಿಗೆ ಕಾಣದಷ್ಟು ದೂರದ ಇನ್ನೊಂದು, ರೇಡಿಯೋ ಅಜ್ಜಿಗೆ ಮೇಲಿನ ಮಹಡಿ, ಹಿಟ್ಟಿನ ಗಿರಣಿಯವರಿಗೆ ನೆಲಕ್ಕೆ ತಾಗಿದ ಕೆಳಗಿನ ಮನೆ.

ಚೀಟಿ ಎತ್ತಿ ಬಂದ ದಿನ ಚಿಕ್ಕಮ್ಮ ಮಿಷನ್ನಿನ ಮೇಲಿನ ಮುಸುಕು ತೆಗೆಯಲಿಲ್ಲ. ಬಾಗಿಲಲ್ಲಿ ಕೂತು ಎದುರುಮನೆಯನ್ನೇ ನೋಡುತ್ತಿದ್ದಳು. ಅವಳ ಕಣ್ಣಲ್ಲಿ ನೀರು ಬರುವುದನ್ನು ನಾನು ಅಮ್ಮ ಹೋದಾಗ ನೋಡಿದ್ದೆ, ಆಮೇಲೆ ಅವತ್ತೇ. ಮಾರನೆಯ ದಿನ ಮುಖ ತೊಳೆದುಕೊಂಡು ಬಂದವಳೇ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಮನೆ ಹೋದ್ರೆ ಹೋಗ್ಲಿ ಕಣೇ. ನಾಕು ಗೋಡೆ ಎಲ್ಲಾದ್ರೂ ಸಿಗುತ್ತೆ. ಬೀದಿ ಹೋಗ್ಬಾರ್ದು."

"ಅವರು ಅಗೆಯೋದೇ ಬೀದಿನ ಚಿಕ್ಕಮ್ಮ."

"ಅವರು ಅಗೆಯೋದು ರಸ್ತೆ. ಬೀದಿ ಅಂದ್ರೆ ನಾವು."

ಕಚೇರಿಯ ಗುಮಾಸ್ತ ಒಂದು ಮಾತು ಹೇಳಿದ್ದ, ಇಬ್ಬರೂ ಒಪ್ಪಿ ಬಂದರೆ ಮನೆ ಅದಲುಬದಲು ಮಾಡಿಕೊಡುತ್ತೇವೆ ಎಂದು. ಯಾರು ಬರುತ್ತಾರೆ ಎಂಬ ಧೈರ್ಯದಲ್ಲಿ ಹೇಳಿದ್ದ, ಪಾಪ. ಅವನಿಗೆ ನಮ್ಮ ಚಿಕ್ಕಮ್ಮ ಗೊತ್ತಿರಲಿಲ್ಲ. ಅವಳು ಕಾಲಿಗೆ ಚಕ್ರ ಕಟ್ಟಿಕೊಂಡು ಊರಿನ ಯಾವ್ಯಾವುದೋ ಮೂಲೆಗೆ ಹೋಗಿ, ಯಾರು ಎತ್ತ ಎಂಬ ಗುರುತೂ ಇಲ್ಲದವರ ಮನೆ ಬಾಗಿಲು ತಟ್ಟಿದಳು. ಲಿಫ್ಟು ಕಂಡರೆ ಹೆದರುವವರಿಗೆ ಕೆಳಗಿನ ಮನೆ ಕೊಡಿಸಿದಳು, ಬಿಸಿಲು ಬೇಕೆಂದವರಿಗೆ ಬಿಸಿಲಿನ ಮನೆ, ಸೊಸೆಯಿಂದ ದೂರ ಇರಬೇಕೆಂದವರಿಗೆ ದೂರದ ಮನೆ. ನಮ್ಮ ಬೀದಿಯವರನ್ನೆಲ್ಲ ಒಂದೇ ಬ್ಲಾಕಿನ ಒಂದೇ ಮಹಡಿಗೆ ತರುವುದು ಅವಳ ಲೆಕ್ಕ. ಗುಮಾಸ್ತ ಅವಳನ್ನು ಕಂಡರೆ ಊಟದ ಡಬ್ಬಿ ಹಿಡಿದು ಎದ್ದು ಹೋಗುವ ಮಟ್ಟಕ್ಕೆ ಬಂದ.

ಗಿರಣಿಯವರು ಮಾತ್ರ ಜಪ್ಪಯ್ಯ ಅಂದರೂ ಒಪ್ಪಲಿಲ್ಲ. "ನನಗೆ ಮಂಡಿ ನೋವು ಟೈಲರಮ್ಮ, ಕೆಳಗಿನ ಮನೆ ಬಿಡಲ್ಲ," ಅಂದರು.

"ಲಿಫ್ಟ್ ಇದೆಯಲ್ರೀ."

"ಕೆಟ್ಟುಹೋದ್ರೆ?"

"ನಾನೇ ಹೊತ್ಕೊಂಡು ಹೋಗ್ತೀನಿ, ಬನ್ನಿ!"

ಗಿರಣಿಯವರು ಎಂದರೆ ಹಿಟ್ಟಿನ ಮೂಟೆಗೆ ಕೈಕಾಲು ಬಂದ ಹಾಗೆ ಇದ್ದವರು. ಚಿಕ್ಕಮ್ಮ ಅವರ ಎದೆಮಟ್ಟಕ್ಕೆ ಬರುತ್ತಿದ್ದಳು. ಬೀದಿಯಲ್ಲಿ ನಗು ಎದ್ದಿತು, ಅವರ ಹೆಂಡತಿಯೂ ಬಾಯಿಗೆ ಬಟ್ಟೆ ಹಿಡಿದು ನಕ್ಕರು. ಮರ್ಯಾದೆಗೆ ಅಂಜಿ ಗಿರಣಿಯವರು ಒಪ್ಪಿದರು.

ಇನ್ನು ಯಾರ ಪಕ್ಕ ಯಾರು ಅನ್ನುವುದು ಉಳಿಯಿತು. ಚಿಕ್ಕಮ್ಮ ನಮ್ಮ ಮುಂಗೋಣೆಯ ನೆಲದ ಮೇಲೆ ಮನೆಗೊಂದರಂತೆ ಬಟ್ಟೆಯ ಚೂರುಗಳನ್ನು ಇಟ್ಟಳು. ಈ ಕಡೆ ಒಂದು ಸಾಲು, ಆ ಕಡೆ ಒಂದು ಸಾಲು, ನಡುವೆ ಖಾಲಿ ನೆಲ. ಹೊಸ ಮಹಡಿಯಲ್ಲೋ ಒಂದೇ ಸಾಲು. ಒಂದು ಕಡೆ ಬಾಗಿಲುಗಳು, ಇನ್ನೊಂದು ಕಡೆ ಕಬ್ಬಿಣದ ಕಂಬಿ, ಕಂಬಿಯ ಆಚೆ ಅಂಗಳ. ಎರಡು ಸಾಲನ್ನು ಒಂದು ಮಾಡುವುದು ಹೇಗೆ? ಬಹಳ ಹೊತ್ತು ಗಲ್ಲಕ್ಕೆ ಕೈಕೊಟ್ಟು ಕೂತಿದ್ದಳು. ಆಮೇಲೆ ಆ ಕಡೆಯ ಸಾಲನ್ನು ಈ ಕಡೆಗೆ ಎಳೆದು, ಒಂದು ನಮ್ಮ ಕಡೆಯದು, ಅದರ ಪಕ್ಕಕ್ಕೇ ಅದರ ಎದುರುಮನೆಯದು, ಹೀಗೆ ಒಂದಕ್ಕೊಂದು ಪೋಣಿಸಿಬಿಟ್ಟಳು. ನಮ್ಮ ಹೂವಿನ ಚೂರಿನ ಪಕ್ಕ ಬೈಂಡರ ನೀಲಿ ಚೂರು.

"ನೋಡಿದ್ಯೇನೇ! ಎದುರುಬದುರು ಇದ್ದೋರೆಲ್ಲ ಇನ್ಮೇಲೆ ಅಕ್ಕಪಕ್ಕ. ನಡುವೆ ಆ ದರಿದ್ರ ರಸ್ತೆ ಅಡ್ಡ ಇತ್ತು, ತೆಗೆದು ಬಿಸಾಕ್ದೆ!"

ಅವಳ ಮುಖ ಅರಳಿದ್ದು ಕಂಡು ನನಗೂ ಹಿಗ್ಗು. ಎಲ್ಲರೂ ಬಂದು ನೋಡಿ ಭೇಷ್ ಅಂದರು. ಯಾರಿಗೂ ಏನೂ ತಪ್ಪು ಕಾಣಲಿಲ್ಲ. ಬೈಂಡರು ಹೊಸಿಲ ಆಚೆ ನಿಂತು ಆ ಹೂವಿನ ಚೂರನ್ನೂ ನೀಲಿ ಚೂರನ್ನೂ ನೋಡಿದರು. "ಆಗಬಹುದು," ಅಂದರು. ಅವರ ಕಿವಿ ಕೆಂಪಾಗಿದ್ದನ್ನು ನಾನು ನೋಡಿದೆ.

ಹಾಗೆ ನಾವು ಹೊಸ ಮನೆಗೆ ಬಂದೆವು, ಬೀದಿಗೆ ಬೀದಿಯೇ ಒಟ್ಟಿಗೆ. ಬೇರೆ ಬ್ಲಾಕಿನವರು ನಮ್ಮನ್ನು ನೋಡಿ ಹೊಟ್ಟೆ ಉರಿದುಕೊಂಡರು. ಅವರಿಗೆ ಅಕ್ಕಪಕ್ಕದವರ ಮುಖ ಪರಿಚಯವೂ ಇರಲಿಲ್ಲ. ಮೊದಲ ದಿನಗಳಲ್ಲಿ ಚಿಕ್ಕಮ್ಮ ಕಾರಿಡಾರಿನಲ್ಲಿ ನಡೆದರೆ ಮದುವೆಮನೆ ಯಜಮಾನಿಯ ಗತ್ತು.

ತಪ್ಪು ಗೊತ್ತಾಗಲು ಸ್ವಲ್ಪ ದಿನ ಹಿಡಿಯಿತು. ಹೊಸ ಮನೆಯಲ್ಲಿ ಬೆಳಕು ಹಿಂದಿನ ಕಿಟಕಿಯಿಂದ ಬರುತ್ತಿತ್ತು. ಸೂಜಿಗೆ ದಾರ ಹಾಕಬೇಕಾದರೆ ಬೆಳಕು ಬೇಕಲ್ಲ, ಮಿಷನ್ನು ಕಿಟಕಿಯ ಹತ್ತಿರ ಹೋಯಿತು. ಬಾಗಿಲಿಗೆ ಬೆನ್ನಾಯಿತು. ಬೈಂಡರ ಮೇಜೂ ಅವರ ಕಿಟಕಿಯ ಹತ್ತಿರ ಹೋಯಿತು. ಎಲ್ಲರ ಮನೆಯಲ್ಲೂ ಅದೇ. ಕಾರಿಡಾರಿನಲ್ಲಿ ಗಾಳಿ ರೊಯ್ಯೆಂದು ನುಗ್ಗಿ ಧೂಳು ತರುತ್ತದೆ ಎಂದು ಒಬ್ಬರು ಬಾಗಿಲು ಹಾಕಿದರು, ಅವರನ್ನು ನೋಡಿ ಇನ್ನೊಬ್ಬರು. ಲಿಫ್ಟಿನಿಂದ ಇಳಿದವರು ತಮ್ಮ ಬಾಗಿಲಿನ ತನಕ ನಡೆದು ಒಳಗೆ ಹೋದರೆ ಮುಗಿಯಿತು. ರೇಡಿಯೋ ಅಜ್ಜಿಗೆ ಸುದ್ದಿಯೇ ಸಿಗದೆ ಬಾಯಿ ಒಣಗಿತು. "ಎದುರುಮನೆ ಅನ್ನೋದೇ ಇಲ್ದಿದ್ರೆ ಯಾರನ್ನ ನೋಡಿ ಹಲ್ಲು ಕಿರಿಯೋದೇ ತಾಯಿ? ಆ ಕಂಬಿ ನೋಡಿನಾ?" ಎಂದು ನನ್ನ ಮುಂದೆ ಗೋಳಾಡಿದಳು.

ಗೋಡೆಯ ಆಚೆ ಬೈಂಡರು ಪುಸ್ತಕದ ಬೆನ್ನು ಬಡಿಯುವ ಮರದ ಕೊಡತಿಯ ಸದ್ದು ಡುಬ್ ಡುಬ್ ಎಂದು ಕೇಳುತ್ತಿತ್ತು. ಅವರು ಕೆಮ್ಮಿದರೆ ಕೇಳುತ್ತಿತ್ತು. ಲೋಟ ಇಟ್ಟರೆ ಕೇಳುತ್ತಿತ್ತು. ಚಿಕ್ಕಮ್ಮ ಮಿಷನ್ನು ನಿಲ್ಲಿಸಿ ಗೋಡೆಯ ಕಡೆ ತಿರುಗುವಳು. ಗೋಡೆಗೆ ಹೊಸ ಸುಣ್ಣ ಬಳಿದಿತ್ತು, ಇನ್ನೇನೂ ಇರಲಿಲ್ಲ.

"ಕೆಮ್ಮು ಕೇಳುತ್ತೆ, ಮುಖ ಕಾಣಲ್ಲ. ಇದು ಯಾವ ಸೀಮೆ ನೆರೆಹೊರೆ ಕಣೇ?" ಅಂದಳು ಒಂದು ದಿನ.

"ಪಕ್ಕದ ಮನೆ ತಾನೇ? ಹೋಗಿ ಮಾತಾಡ್ಸು," ಅಂದೆ ನಾನು.

"ಏನಂತ ಹೋಗ್ಲಿ? ಹಳೇ ಬೀದೀಲಿ ಯಾವತ್ತಾದ್ರೂ ಅವರ ಮನೆಗೆ ಹೋಗಿದ್ನಾ? ತಲೆ ಎತ್ತೋಕೆ ಯಾರಾದ್ರೂ ಕಾರಣ ಹೇಳ್ತಾರಾ?"

ಕೊನೆಗೆ ಒಂದು ಕಾರಣ ಸಿಕ್ಕಿತು. ಗಿರಣಿಯವರ ಮೊಮ್ಮಗಳ ಫ್ರಾಕು ಹೊಲಿದು ಕೊಟ್ಟಿದ್ದಳು, ಅದು ವಾಪಸ್ಸು ಬಂತು, ಒಂದು ಕಡೆ ಇಳಿದಿದೆ ಎಂದು. ಅವಳ ಹೊಲಿಗೆ ಅಲ್ಲಿಯವರೆಗೆ ವಾಪಸ್ಸು ಬಂದದ್ದೇ ಇರಲಿಲ್ಲ. ಮುಖ ಸಣ್ಣದು ಮಾಡಿಕೊಂಡು ಫ್ರಾಕನ್ನು ಎತ್ತಿಕೊಂಡು ಪಕ್ಕದ ಬಾಗಿಲು ತಟ್ಟಿದಳು. ನಾನೂ ಹಿಂದೆಯೇ ಹೋದೆ. ಬೈಂಡರು ಬಾಗಿಲು ತೆಗೆದರು. ಅವರ ಬಾಗಿಲ ಚೌಕಟ್ಟಿಗೆ ಫ್ರಾಕನ್ನು ತೂಗುಹಾಕಿದ್ದಾಯಿತು. ಅವರು ನೋಡಿದರು. ಒಂದು ಹೆಜ್ಜೆ ಹಿಂದೆ ಸರಿದರು, ನೋಡಿದರು. ಇನ್ನೊಂದು ಹೆಜ್ಜೆ. ಬೆನ್ನಿಗೆ ಕಾರಿಡಾರಿನ ಕಂಬಿ ತಾಗಿತು. ಕಂಬಿಯ ಮೇಲೆ ಹಿಂದಕ್ಕೆ ಬಾಗಿ ನೋಡಿದರು.

"ಅಯ್ಯಯ್ಯೋ, ಬೀಳ್ತೀರಿ ಕಣ್ರೀ!" ಎಂದು ಚಿಕ್ಕಮ್ಮ ಅವರ ಅಂಗಿಯ ತೋಳು ಹಿಡಿದು ಎಳೆದಳು.

"ಇಷ್ಟು ಹತ್ತಿರದಿಂದ ನನಗೆ ಏನೂ ಗೊತ್ತಾಗ್ತಿಲ್ಲ ಟೈಲರಮ್ಮ," ಅಂದರು ಅವರು. ಬಹಳ ಬೇಸರದಲ್ಲಿ ಅಂದರು. ಚಿಕ್ಕಮ್ಮ ತೋಳು ಬಿಟ್ಟಳು. ಇಬ್ಬರೂ ಎಲ್ಲಿ ನೋಡಬೇಕೆಂದು ತಿಳಿಯದೆ ಆ ಫ್ರಾಕನ್ನೇ ನೋಡಿಕೊಂಡು ನಿಂತರು.

ಅವತ್ತಿನಿಂದ ಅವಳ ಮಿಷನ್ನಿನ ಸದ್ದು ಕಡಿಮೆಯಾಯಿತು. ಅನ್ನ ಕಲಸಿಕೊಂಡು ಹಾಗೇ ಕೂರುವಳು. ಕೇಳಿದರೆ ಏನಿಲ್ಲ ಅನ್ನುವಳು. ನನಗೆ ಸಿಟ್ಟು ಬರುತ್ತಿತ್ತು. ಬೀದಿಯವರೆಲ್ಲ ಜೊತೆಗಿದ್ದಾರೆ, ಬೇಕೆಂದ ಹಾಗೇ ಎಲ್ಲ ಆಗಿದೆ, ಇನ್ನೇನು ಕಡಿಮೆ ಈ ಹೆಂಗಸಿಗೆ ಎಂದು. ಎದುರು ಬ್ಲಾಕಿನಲ್ಲಿ ಯಾರೋ ಪರದೆ ಹೊಲಿಸಿದ್ದರು. ಅಂಗಳದ ಆಚೆ ನಮ್ಮದೇ ಥರದ ಕಟ್ಟಡ, ನಮ್ಮ ಕಡೆಗೇ ಮುಖ ಮಾಡಿದ ಬಾಗಿಲುಗಳು. ಒಂದು ಮಧ್ಯಾಹ್ನ ಪರದೆ ಕೊಟ್ಟುಬರುತ್ತೇನೆ ಎಂದು ಹೋದವಳು ಎಷ್ಟು ಹೊತ್ತಾದರೂ ಬರಲಿಲ್ಲ. ಬಂದವಳು ನೀರು ಕುಡಿದು, ತಣ್ಣಗೆ ಹೇಳಿದಳು.

"ಆ ಮನೆಯೋರ ಹತ್ರ ಮಾತಾಡಿ ಬಂದೆ. ಅದಲುಬದಲು ಮಾಡ್ಕೊಳ್ಳೋಕೆ ಒಪ್ಪಿದಾರೆ."

"ಯಾರಿಗೆ?"

"ನನಗೆ. ನಾನು ಅಲ್ಲಿಗೆ ಹೋಗ್ತೀನಿ."

ಆಗ ನಾನು ಬಾಯಿ ಬಿಟ್ಟೆ ನೋಡಿ. "ತಲೆ ಕೆಟ್ಟಿದ್ಯಾ ನಿನಗೆ? ಊರೆಲ್ಲ ಅಲೆದು, ಗುಮಾಸ್ತನ ಪ್ರಾಣ ಹಿಂಡಿ, ಗಿರಣಿಯೋರನ್ನ ಹೊತ್ಕೊಂಡು ಹೋಗ್ತೀನಿ ಅಂದು ಎಲ್ಲರನ್ನೂ ಇಲ್ಲಿಗೆ ತಂದು ಗುಡ್ಡೆ ಹಾಕಿದ್ದು ಯಾರು? ಈಗ ನೀನೇ ಗಂಟುಮೂಟೆ ಕಟ್ಟಿದ್ರೆ ಜನ ಏನಂತಾರೆ? ಅಲ್ಲಿ ನಿನಗೆ ಒಂದು ನರಪಿಳ್ಳೆ ಪರಿಚಯ ಇದೆಯಾ?"

"ಮುಗೀತಾ?"

"ಮುಗಿದಿಲ್ಲ! ಬೀದಿ ಅಂದ್ರೆ ನಾವು ಅಂತ ಹೇಳಿದ್ಯಲ್ಲ!"

"ಹೇಳ್ದೆ. ಅರ್ಧ ಹೇಳ್ದೆ." ಅವಳು ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು. "ಆ ಮನೆ ಬಾಗಿಲಲ್ಲಿ ನಿಂತು ತಿರುಗಿ ನೋಡಿದ್ನಾ, ನಮ್ಮೋರೆಲ್ಲ ಕಂಡ್ರು ಕಣೇ. ಅಜ್ಜಿ ಬಟ್ಟೆ ಒಣಗಿಸ್ತಿದ್ಳು. ಗಿರಣಿಯೋರು ಕಂಬಿಗೆ ಒರಗಿ ಹಲ್ಲು ಉಜ್ತಿದ್ರು, ಈ ಮಧ್ಯಾಹ್ನದಲ್ಲಿ! ಇಲ್ಲಿಗೆ ಬಂದ ಮೇಲೆ ನಾನು ಅವರನ್ನ ಹೀಗೆ ನೋಡೇ ಇರ್ಲಿಲ್ಲ. ಒಂದೇ ಸಾಲಲ್ಲಿ ನಿಂತೋರಿಗೆ ಒಬ್ಬರಿಗೊಬ್ಬರು ಕಾಣಲ್ಲ. ಬೀದಿಗೆ ಎರಡು ಕಡೆ ಬೇಕು. ನಾನು ಅಡ್ಡ ಇದೆ ಅಂತ ತೆಗೆದು ಬಿಸಾಕಿದ್ನಲ್ಲ, ಅದೇ ಬೀದಿ."

"ಹಾಗಾದ್ರೆ ಬೈಂಡರೇ ಹೋಗ್ಲಿ ಆ ಕಡೆ." ನನ್ನ ಬಾಯಿಂದ ಬಂದುಬಿಟ್ಟಿತು. ಅವಳು ಯಾರಿಗಾಗಿ ಹೋಗುತ್ತಿದ್ದಾಳೆ ಎಂದು ಇಬ್ಬರಿಗೂ ಗೊತ್ತಿತ್ತು, ಇನ್ನು ನಾಟಕ ಯಾಕೆ?

ಅವಳು ಸಿಟ್ಟಾಗಲಿಲ್ಲ. "ತಪ್ಪು ಮಾಡಿದೋಳು ನಾನು. ದಂಡ ಅವರು ಕಟ್ಬೇಕಾ?" ಅಂದಳು. "ನನಗೆ ಅವರನ್ನ ನೋಡದೆ ಇರೋಕೆ ಆಗ್ತಿಲ್ಲ ಕಣೇ. ಸಾಯೋ ವಯಸ್ಸಲ್ಲಿ ನಿನ್ನ ಹತ್ರ ಏನು ಮುಚ್ಚಿಡ್ಲಿ?"

ಇದಕ್ಕೆ ನಾನು ಏನು ಜಗಳ ಮಾಡಲಿ? ಎದ್ದು ಹೋಗಿ ಪಾತ್ರೆ ತೊಳೆಯಲು ನಿಂತೆ.

ಸುದ್ದಿ ಕಾರಿಡಾರಿನ ಆ ತುದಿ ಮುಟ್ಟುವಷ್ಟರಲ್ಲಿ ಬಾಗಿಲಲ್ಲಿ ಬೈಂಡರು ಬಂದು ನಿಂತಿದ್ದರು. ಒಳಗೆ ಬನ್ನಿ ಎಂದರೆ ಬರಲಿಲ್ಲ. ಅಲ್ಲೇ ಚೌಕಟ್ಟು ಹಿಡಿದು ನಿಂತರು. ನಾನು ಅಡುಗೆಮನೆಯಲ್ಲಿದ್ದೆ. ಕಿವಿ ಮುಚ್ಚಿಕೊಳ್ಳುವಷ್ಟು ಒಳ್ಳೆಯವಳು ನಾನಲ್ಲ.

"ಅಷ್ಟು ದೂರ ಯಾಕೆ?" ಅಂದರು ಅವರು. "ಪಕ್ಕದಲ್ಲೇ ಇದ್ದೀನಲ್ಲ."

"ಪಕ್ಕದಲ್ಲಿ ಇರೋರ ಮುಖ ಕಾಣಲ್ಲ."

ಆಮೇಲೆ ಅವರು ಒಂದೊಂದೇ ಮಾತು ಜೋಡಿಸಿಕೊಂಡು ಹೇಳಿದರು. "ಗೋಡೆ ತೊಂದರೆ ಅನ್ನೋದಾದ್ರೆ... ಒಂದೇ ಮನೇಲಿ ಇರಬಹುದು. ಈ ವಯಸ್ಸಲ್ಲಿ ಯಾರು ಏನಂತಾರೆ? ನಿಮಗೆ ಒಪ್ಪಿಗೆ ಇದ್ರೆ."

ನನ್ನ ಕೈಯಲ್ಲಿದ್ದ ತಟ್ಟೆ ಜಾರಿ ತೊಟ್ಟಿಗೆ ಬಿತ್ತು. ಇಬ್ಬರೂ ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ.

"ಈ ಮಾತು ಅಲ್ಲಿದ್ದಾಗ ಕೇಳಿದ್ರೆ ಒಪ್ತಿದ್ದೆ," ಅಂದಳು ಚಿಕ್ಕಮ್ಮ. ಅವಳ ದನಿ ಅಷ್ಟು ಮೆತ್ತಗೆ ಆದದ್ದನ್ನು ನಾನು ಕೇಳಿರಲಿಲ್ಲ.

"ಕೇಳೋಕೆ ರಸ್ತೆ ದಾಟ್ಬೇಕಿತ್ತು."

"ಹೌದು. ನಾನೂ ದಾಟ್ಲಿಲ್ಲ." ಅವಳು ಮೂಗು ಒರೆಸಿಕೊಂಡಳು. "ಈಗ ಬೇಡ ಬೈಂಡರೇ. ಒಂದೇ ಮನೇಲಿ ಇರೋರನ್ನ ನಾನು ಕಂಡಿದೀನಿ. ಮೊದಮೊದಲು ಒಬ್ಬರ ಮುಖ ಒಬ್ಬರು ನೋಡ್ತಾರೆ, ಆಮೇಲೆ ತಟ್ಟೆ ನೋಡ್ತಾರೆ. ನನಗೆ ನೀವು ಎದುರಿಗೆ ಬೇಕು. ತಲೆ ಎತ್ತಿದ್ರೆ ಕಾಣೋ ಹಾಗೆ. ನನಗೆ ಗೊತ್ತಿರೋದು ಅದೊಂದೇ."

ಎಲ್ಲದಕ್ಕೂ ಅನ್ನುವ ಆ ಒಂದು ಮಾತನ್ನೂ ಅವರು ಅನ್ನಲಿಲ್ಲ. ಅವರ ಬಾಗಿಲು ಹಾಕಿಕೊಂಡ ಸದ್ದು ಕೇಳಿತು, ಆಮೇಲೆ ಆ ದಿನವೆಲ್ಲ ಕೊಡತಿಯ ಸದ್ದು ಬರಲಿಲ್ಲ. ಚಿಕ್ಕಮ್ಮ ಗೋಡೆಗೆ ಬೆನ್ನು ಕೊಟ್ಟು ಕೂತಳು. ನಾನು ಪಕ್ಕದಲ್ಲಿ ಕೂತು ಅವಳ ತಲೆ ಬಾಚಿದೆ. ಬೈಯಲಿಲ್ಲ.

ಮನೆ ಬದಲಾಯಿಸಿದ ದಿನ ಬೆಳಿಗ್ಗೆ ಗಿರಣಿಯವರು ಮಿಷನ್ನನ್ನು ಹೆಗಲ ಮೇಲೆ ಇಟ್ಟುಕೊಂಡರು. "ನೀವು ನನ್ನ ಹೊರ್ತೀನಿ ಅಂದಿದ್ರಿ, ಕೊನೆಗೆ ನಾನೇ ಹೊರೋ ಹಾಗಾಯ್ತಲ್ಲ," ಎಂದು ಗೊಣಗುತ್ತ ಅಂಗಳ ದಾಟಿದರು. ಪಾತ್ರೆ, ಹಾಸಿಗೆ, ಬಟ್ಟೆಯ ಗಂಟು ಎಲ್ಲ ಹೋಯಿತು. ಬೈಂಡರು ಹೊರಗೆ ಬರಲಿಲ್ಲ. ಚಿಕ್ಕಮ್ಮ ಅವರ ಬಾಗಿಲ ಮುಂದೆ ಒಂದು ಗಳಿಗೆ ನಿಂತಳು, ತಟ್ಟಲಿಲ್ಲ.

ಹೊಸ ಮನೆಯಲ್ಲಿ ಮೊದಲು ಮಾಡಿದ ಕೆಲಸ ಮಿಷನ್ನನ್ನು ಬಾಗಿಲ ಹತ್ತಿರ ಎಳೆದದ್ದು. ಬೆಳಕು ಸಾಲುವುದಿಲ್ಲ ಎಂದು ನಾನು ಅಂದೆ. ಸೂಜಿಗೆ ದಾರ ನೀನೇ ಹಾಕಿಕೊಡು ಅಂದಳು. ಆಮೇಲೆ ಕುರ್ಚಿಯಲ್ಲಿ ಕೂತು ತಲೆ ಎತ್ತಿದಳು.

ಅಂಗಳದ ಆಚೆ ನಮ್ಮ ಬೀದಿ ಪೂರ್ತಿ ಬಂದು ಕಂಬಿಗೆ ಆತುಕೊಂಡು ನಿಂತಿತ್ತು. ಹಾಕಿದ್ದ ಬಾಗಿಲುಗಳೆಲ್ಲ ತೆಗೆದಿದ್ದವು. ರೇಡಿಯೋ ಅಜ್ಜಿ ಕೈಬೀಸಿ ಕಿರುಚಿದಳು. "ಟೈಲರಮ್ಮಾ! ಅಲ್ಲಿಂದ ನಾನು ಹೇಗೆ ಕಾಣ್ತೀನೇ?"

"ಸಣ್ಣಗೆ ಕಾಣ್ತೀಯ ಅಜ್ಜಿ!"

"ಹಾಗಾದ್ರೆ ಅಲ್ಲೇ ಇರು ತಾಯಿ!"

ಎರಡೂ ಬ್ಲಾಕಿನವರು ನಕ್ಕರು. ನಮ್ಮ ಹೊಸ ಅಕ್ಕಪಕ್ಕದವರೂ ಏನು ಗಲಾಟೆ ಎಂದು ಹೊರಗೆ ಬಂದು ನಿಂತರು. ಚಿಕ್ಕಮ್ಮ ನಗಲಿಲ್ಲ. ಅವಳ ಕಣ್ಣು ಒಂದೊಂದೇ ಬಾಗಿಲು ದಾಟಿಕೊಂಡು ಹೋಗುತ್ತಿತ್ತು. ನಮ್ಮ ಹಳೆಯ ಬಾಗಿಲಲ್ಲಿ ಯಾರದೋ ಹೊಸ ಪರದೆ. ಅದರ ಪಕ್ಕದ ಬಾಗಿಲಲ್ಲಿ ಬೈಂಡರು ನಿಂತಿದ್ದರು. ಯಾವಾಗ ಹೊರಗೆ ಬಂದರೋ ತಿಳಿಯದು. ಬಿಳಿ ಅಂಗಿ, ಎರಡು ಕೈ ಕಂಬಿಯ ಮೇಲೆ.

ನಮ್ಮ ಹಳೆಯ ಬೀದಿಯಂಥ ಎಷ್ಟೋ ಬೀದಿಗಳು ಆ ಅಂಗಳದಲ್ಲಿ ಹಿಡಿಸುತ್ತಿದ್ದವು. ಚಿಕ್ಕಮ್ಮ ಹಣೆಗೆ ಕೈ ಅಡ್ಡ ಹಿಡಿದಳು, ಕಣ್ಣು ಕಿರಿದು ಮಾಡಿದಳು, ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡಳು.

"ಅವರೇ ತಾನೇ?"

"ಅವರೇ."

"ಕೋಪ ಮಾಡ್ಕೊಂಡಿದಾರೇನೇ? ಮುಖ ಹೇಗಿದೆ ನೋಡಿ ಹೇಳು."

ನಾನು ನೋಡಿದೆ. ನನ್ನ ಕಣ್ಣು ಚೆನ್ನಾಗಿಯೇ ಇದೆ. "ಇಲ್ಲಿಂದ ಕಾಣಲ್ಲ ಚಿಕ್ಕಮ್ಮ," ಅಂದೆ.

ಅವಳ ಕೈ ಮಡಿಲಿಗೆ ಬಿತ್ತು. ಇಷ್ಟೆಲ್ಲ ಮಾಡಿ, ಎಲ್ಲ ಬಿಟ್ಟುಬಂದು, ಇಲ್ಲಿಂದಲೂ ಮುಖ ಕಾಣುವುದಿಲ್ಲ. ಆ ಕ್ಷಣ ನನಗೆ ಆ ಅಂಗಳ ಅಳೆದವರನ್ನು, ಕಟ್ಟಡ ಕಟ್ಟಿದವರನ್ನು, ರಸ್ತೆ ಎಳೆದವರನ್ನು ಸಾಲಾಗಿ ನಿಲ್ಲಿಸಿ ಬೈಯಬೇಕು ಅನ್ನಿಸಿತು. ಅವರನ್ನೇ ಕೇಳಿಬರುತ್ತೇನೆ ಎಂದು ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಮೆಟ್ಟಿಲು ಇಳಿದು, ಬಿಸಿಲಲ್ಲಿ ಅಂಗಳ ದಾಟಿ, ಲಿಫ್ಟಿಗೆ ಕಾಯದೆ ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತ ಅವರ ಮುಂದೆ ನಿಂತೆ.

"ಕೋಪನಾ ಅಂತ ಕೇಳ್ತಿದಾಳೆ ಮಾಮ."

ಅವರು ನನ್ನ ಕಡೆ ತಿರುಗಲಿಲ್ಲ. ಅಂಗಳದ ಆಚೆ ಬಾಗಿಲಲ್ಲಿ ಕೂತಿದ್ದ ಸಣ್ಣ ಆಕಾರವನ್ನೇ ನೋಡುತ್ತಿದ್ದರು.

"ಅಲ್ಲಿಂದ ನಾನು ಕಾಣ್ತೀನೇನಮ್ಮ ಅವರಿಗೆ?"

ಸುಳ್ಳು ಹೇಳಬಹುದಾಗಿತ್ತು. ಆ ಮನುಷ್ಯನಿಗೆ ಹೇಳಲು ಬಾಯಿ ಬರಲಿಲ್ಲ. "ನೀವು ನಿಂತಿರೋದು ಕಾಣುತ್ತೆ ಮಾಮ. ಮುಖ ಕಾಣಲ್ಲ."

ಅವರು ಕಂಬಿ ಬಿಟ್ಟು ಒಳಗೆ ಹೋಗಿ, ಕಿಟಕಿಯ ಹತ್ತಿರ ಇದ್ದ ಮೇಜಿನ ಮೇಲಿಂದ ಪುಸ್ತಕಗಳನ್ನೆಲ್ಲ ಒಂದೊಂದಾಗಿ ಕೆಳಗಿಟ್ಟರು.

"ಆ ತುದಿ ಹಿಡ್ಕೋ ಮಗಳೇ, ಬಾಗಿಲಿಗೆ ಎಳೆಯೋಣ," ಅಂದರು. "ಮುಖ ಅವರಿಗೆ ಗೊತ್ತಿರೋದೇ ಅಲ್ವಾ."